ತೇರಿನ ಹಳೇ ಗೊಂಬೆಗಳನ್ನು ಏನು ಮಾಡೋಣ?

ಚಿಂತಾಮಣಿ ಹುಡುಗ:
ನಮಸ್ಕಾರ. ನಮ್ಮೂರ ಮರದ ತೇರಿನ ಕೆಳಸಾಲಿನ ಗೊಂಬೆಗಳು ಹಾಳಾಗಿವೆ. ಒಂದು ಕಡೆ ಗೆದ್ದಲು. ಇನ್ನೊಂದು ಕಡೆ ಬೆರಳು ಒತ್ತಿದರೆ ಹಿಟ್ಟು ಉದುರುತ್ತದೆ. ಎಲ್ಲಾ ಕಿತ್ತು ಹೊಸದು ಹಾಕಿಸಿ, ಮಿಕ್ಕಿದ್ದಕ್ಕೆ ಬಣ್ಣ ಹೊಡೆಸೋಣ ಅಂತ ಕಮಿಟಿಯವರು ಹೇಳುತ್ತಿದ್ದಾರೆ. ಅದರಲ್ಲಿ ಒಂದು ಹಂದಿ ಬೇಟೆಯ ಗೊಂಬೆ ಇದೆ. ಅದರ ಕಥೆ ನಮ್ಮ ತಾತನಿಗೆ ಮಾತ್ರ ಗೊತ್ತು. ಅದನ್ನೂ ಅವರು ತೆಲುಗಿನಲ್ಲೇ ಹೇಳುತ್ತಾರೆ. ಕಮಿಟಿಗೆ ಏನು ಹೇಳಲಿ?

ಮಾಲೂರಿನ ಉಳಿ:
ಮೊದಲು ಬಣ್ಣದ ಡಬ್ಬಿ ವಾಪಸ್ ಕಳಿಸಿ ಸ್ವಾಮಿ! ನಾನು ಮರಗೆಲಸದವನು. ಆಯಿಲ್ ಪೇಂಟ್ ಬಳಿದರೆ ಮರದೊಳಗಿನ ತೇವ ಹೊರಗೆ ಬರೋದಿಲ್ಲ. ಮೇಲೆ ಫಳಫಳ, ಒಳಗೆ ಟೊಳ್ಳು. ಕಣ್ಣು, ಬೆರಳು, ಒಡವೆ ಕೆತ್ತಿದ ಸಣ್ಣ ಗೆರೆಗಳೂ ಮುಚ್ಚಿಹೋಗುತ್ತವೆ. ಹಳೇ ಬಣ್ಣ ತೆಗೆಯೋಕೆ ಕಾಸ್ಟಿಕ್ ಸೋಡಾನೂ ಬೇಡ, ಮರದ ನಾರು ಎದ್ದುಬಿಡುತ್ತದೆ. ಗೆದ್ದಲು ನೆಲದಿಂದ ಬರೋದು, ಹಾಗಾಗಿ ತೇರು ನಿಲ್ಲಿಸುವ ಜಾಗ ಸರಿಮಾಡಿ. ಹಿಟ್ಟು ಉದುರಿಸೋದು ಮರ ಕೊರೆಯುವ ಬೇರೆ ಹುಳು.

ಹಳೇ ಕೆತ್ತನೆ ಹೇಗೆ ಉಳಿಸೋದು ಅನ್ನೋದಕ್ಕೆ ಒಂದು ಉದಾಹರಣೆ ಹೇಳ್ತೀನಿ. ಅಮೆರಿಕದ ಅಲಾಸ್ಕಾದಲ್ಲಿ ಟೋಟೆಮ್ ಕಂಬಗಳಿವೆ. ಸೀಡರ್ ಮರದಲ್ಲಿ ಕರಡಿ, ಹದ್ದು, ಕಾಗೆ ಕೆತ್ತಿ ಮನೆತನದ ಕಥೆ ಹೇಳುವ ಕಂಬಗಳು. ಪೂಜೆಗೆ ಇಟ್ಟವಲ್ಲ. ಜನ ಹಳೇ ಊರು ಬಿಟ್ಟ ಮೇಲೆ ಅವು ಮಳೆಯಲ್ಲಿ ಕೊಳೆಯುತ್ತಿದ್ದವು. 1938ರಲ್ಲಿ ಅಮೆರಿಕದ ಅರಣ್ಯ ಇಲಾಖೆ ಅಲ್ಲಿನ ಕೆಚಿಕನ್ ಊರಿನ ಸುತ್ತಮುತ್ತ ಅವನ್ನು ಉಳಿಸೋಕೆ ಹೊರಟಿತು. ಕೆಲಸಕ್ಕೆ ಕರೆದದ್ದು ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್, ಹೈಡಾ ಜನರ ಹಿರಿಯ ಕೆತ್ತನೆಗಾರರನ್ನೇ. ಉಳಿಯುವ ಕಂಬಕ್ಕೆ ರಿಪೇರಿ. ಪೂರ್ತಿ ಕೊಳೆತದ್ದನ್ನು ಹೊಸ ದಿಮ್ಮಿಯ ಪಕ್ಕ ಮಲಗಿಸಿ, ನೋಡಿಕೊಂಡು ಹಾಗೇ ಕೆತ್ತಿದರು. ಬಾಚಿಯನ್ನೂ ಹಳೇ ಮಾದರಿಯಲ್ಲೇ ಮಾಡಿಕೊಂಡರು. ಹುಡುಗರು ಅವರ ಜೊತೆ ಸಂಬಳ ತಗೊಂಡೇ ಕಲಿತರು. ಆ ಸಂಬಳದ ವಿಷಯ ನಿಮ್ಮ ಕಮಿಟಿಗೆ ಒತ್ತಿ ಹೇಳಿ. ನಮ್ಮಲ್ಲಿ ಸುಮ್ನೆ ‘ಕಲೆ ಉಳಿಸಿ’ ಅಂತಾರೆ, ಕೂಲಿ ಯಾರೂ ಕೊಡಲ್ಲ.

ಕೋಲಾರದ ಗೀತಕ್ಕ:
ಎಲ್ಲಾ ಉಳಿಸಲೇಬೇಕಾ? ಕೆನಡಾದ ಎಸ್‌ಗಾಂಗ್ ಗ್ವಾಯ್ ಅನ್ನೋ ಹೈಡಾ ಊರು 1981ರಲ್ಲೇ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿತು. ಅಲ್ಲಿ ಕಂಬಗಳು ತಾವಾಗಿಯೇ ಮಣ್ಣು ಸೇರಲಿ ಅಂತ ಬಿಟ್ಟಿದ್ದಾರೆ.

ಮಾಲೂರಿನ ಉಳಿ:
ನಿಜ ಅಕ್ಕ. ಆದರೆ ಆ ಕಂಬವನ್ನು ಯಾರೂ ಎಳೆಯಲ್ಲ. ತೇರು ಎಳೀಬೇಕಲ್ವಾ, ಮೇಲೆ ಅರ್ಚಕರು ಕೂತಿರುತ್ತಾರೆ. ಅಚ್ಚು, ತೊಲೆ ಕೊಳೆತಿದ್ದರೆ ಹೊಸದೇ ಹಾಕಿ, ಅದರಲ್ಲಿ ರಾಜಿ ಬೇಡ. ಗೊಂಬೆಗಳ ಮಾತು ಬೇರೆ.

ಚಿಂತಾಮಣಿ ಹುಡುಗ:
ಶಿವಾರಪಟ್ಟಣದ ಶಿಲ್ಪಿಗಳನ್ನು ಕೇಳೋಣವಾ ಅಣ್ಣ?

ಮಾಲೂರಿನ ಉಳಿ:
ಅವರ ಕೈ ಜಾಸ್ತಿ ಪಳಗಿರೋದು ಕಲ್ಲು, ಲೋಹದಲ್ಲಿ. ಮರ ಕೆತ್ತುವವರ ಪರಿಚಯ ಇರುತ್ತೆ, ವಿಚಾರಿಸಿ. ಯಾರೇ ಬಂದರೂ ನಿಮ್ಮೂರ ಒಬ್ಬ ಹುಡುಗನನ್ನು ಜೊತೆಗೆ ಕೂರಿಸಿಕೊಳ್ಳಬೇಕು ಅಂತ ಮೊದಲೇ ಮಾತಾಡಿ. ಕಿತ್ತ ಗೊಂಬೆ ಒಲೆಗೆ ಹಾಕಬೇಡಿ. ತಾತನನ್ನು ತೇರಿನ ಹತ್ತಿರ ಕೂರಿಸಿ, ಗೊಂಬೆ ತೋರಿಸುತ್ತಾ ಕಥೆ ಹೇಳಿಸಿ, ಮೊಬೈಲಲ್ಲಿ ವಿಡಿಯೋ ಮಾಡಿ. ತೆಲುಗಿನಲ್ಲೇ ಇರಲಿ ಬಿಡಿ.

ಚಿಂತಾಮಣಿ ಹುಡುಗ:
ಭಾನುವಾರ ಮೀಟಿಂಗ್ ಇದೆ. ಬಣ್ಣ ಆಗಲೇ ತಂದಿಟ್ಟಿದ್ದಾರೆ, ಅದೇ ತಲೆನೋವು.

ಮಾಲೂರಿನ ಉಳಿ:
ದೇವಸ್ಥಾನಕ್ಕೆ ಕಬ್ಬಿಣದ ಗೇಟ್ ಇದೆಯಲ್ಲ, ಅದಕ್ಕೆ ಹೊಡೆಸಿ!