ಬಳೆಗೆ ಅಳತೆ ಕೇಳುತ್ತೇವೆ, ಮೌಸ್‌ಗೂ ಕೇಳೋಣ

ಅಕ್ಕಾ, ಊಟ ಮುಗಿಸಿ ಈಗ ಕೂತೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಲೇ ಕೇಳು. ಬೆಳಗ್ಗೆ ಗ್ರೂಪಲ್ಲಿ ನೀನು ಕೇಳಿದ್ದೆ ನೋಡು, ಪುಟ್ಟಿಗೆ ಗೇಮ್ ಆಡುವುದಕ್ಕೆ ಒಳ್ಳೆ ಮೌಸ್ ಯಾವುದು, ಆಡಿದ ಮೇಲೆ ಹೆಬ್ಬೆರಳ ಬುಡ ನೋಯುತ್ತದೆ ಅಂತಾಳೆ, ದುಬಾರಿದು ತಗೊಂಡರೆ ಸರಿಹೋಗುತ್ತದಾ ಅಂತ. ಭಾವ ಎರಡು ಫೋಟೋನೂ ಹಾಕಿದ್ದಾರೆ. ಎರಡನ್ನೂ ನೋಡಿದೆ. ಈಗಲೇ ಆರ್ಡರ್ ಮಾಡಬೇಡಿ, ಅದಕ್ಕೇ ಇಷ್ಟು ಹೊತ್ತಲ್ಲಿ ಹೇಳುತ್ತಿದ್ದೇನೆ.

ಯುಗಾದಿಗೆ ನಿಮ್ಮ ಮನೆಗೆ ಬಂದಿದ್ದೆನಲ್ಲ, ಅವಳು ವ್ಯಾಲರಂಟ್ ಅನ್ನುವ ಶೂಟಿಂಗ್ ಗೇಮ್ ಆಡುವಾಗ ಪಕ್ಕದಲ್ಲೇ ಕೂತಿದ್ದೆ. ನೀವೆಲ್ಲ ಸ್ಕ್ರೀನ್ ನೋಡುತ್ತಿದ್ದಿರಿ, ನಾನು ಅವಳ ಕೈ ನೋಡುತ್ತಿದ್ದೆ. ಆ ಮೌಸ್ ಭಾವನ ಆಫೀಸಿನದು, ಅವರ ಕೈ ದೊಡ್ಡದು. ಪುಟ್ಟಿಯ ಹೆಬ್ಬೆರಳು ಪಕ್ಕದ ಎರಡು ಬಟನ್‌ನಲ್ಲಿ ಹಿಂದಿನದಕ್ಕೆ ಮಾತ್ರ ಎಟುಕುತ್ತದೆ. ಮುಂದಿನದು ಒತ್ತಬೇಕಾದಾಗಲೆಲ್ಲ ಇಡೀ ಕೈಯನ್ನೇ ಮುಂದಕ್ಕೆ ಜಾರಿಸುತ್ತಾಳೆ, ಒತ್ತಿ ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಆಟದ ನಡುವೆ ಮೌಸ್ ಎತ್ತಿ ಇಡಬೇಕಾಗುತ್ತದೆ ಅಲ್ವಾ, ಆಗ ಹೆಬ್ಬೆರಳು ಮತ್ತು ಉಂಗುರದ ಬೆರಳಿಂದ ಹಿಂಡಿ ಹಿಡಿಯುತ್ತಾಳೆ. ಬೆರಳಿನ ಗೆಣ್ಣು ಬೆಳ್ಳಗಾಗಿ ಹೋಗಿತ್ತು ಅಕ್ಕಾ. ಒಂದು ಗಂಟೆಯಲ್ಲಿ ಅದೆಷ್ಟು ಸಲ ಹಾಗೆ ಹಿಂಡಿದಳೋ. ಹೆಬ್ಬೆರಳ ಬುಡ ನೋಯದೆ ಇನ್ನೇನಾಗುತ್ತದೆ?

ಇದು ನನಗೆ ಗೊತ್ತಾಗುವುದಕ್ಕೆ ಕಾರಣ ನನ್ನ ಕೈ. ನಮ್ಮ ಅಮ್ಮನ ಕಡೆಯ ಕೈ ಅದು, ಚಿಕ್ಕದು. ಮೊದಲ ಸಂಬಳದಲ್ಲಿ ಇಲ್ಲೇ ದಾವಣಗೆರೆಯ ಒಂದು ಅಂಗಡಿಯಲ್ಲಿ ದೊಡ್ಡ ಗೇಮಿಂಗ್ ಮೌಸ್ ತಗೊಂಡೆ. ಅಂಗಡಿಯವರು ಲೈಟ್ ತೋರಿಸಿದರು, ಬಾಕ್ಸ್ ಮೇಲಿನ ಡಿಪಿಐ ಅನ್ನುವ ಅಂಕಿ ತೋರಿಸಿದರು. ನನ್ನ ಕೈ ಮಾತ್ರ ಯಾರೂ ನೋಡಲಿಲ್ಲ. ಹಗಲೆಲ್ಲ ಡಿಟಿಪಿ ಕೆಲಸ, ಸಂಜೆ ಆಟ, ಎರಡಕ್ಕೂ ಅದೇ ಮೌಸ್. ನಾಲ್ಕು ತಿಂಗಳಲ್ಲಿ ಚಪಾತಿ ಲಟ್ಟಿಸುವುದಕ್ಕೂ ಕಷ್ಟ ಆಯಿತು. ಚಿಕ್ಕ ಮೌಸ್‌ಗೆ ಬದಲಾಯಿಸಿದ ಮೇಲೆ ನೋವು ಮೆಲ್ಲಗೆ ಇಳಿಯಿತು. ಪುಟ್ಟಿ ಇನ್ನೂ ಒಂಬತ್ತನೇ ಕ್ಲಾಸು. ಅವಳಿಗೆ ಹಾಗಾಗಬಾರದು.

ಬಳೆ ಅಂಗಡಿಗೆ ಹೋದರೆ ಮೊದಲು ಏನು ಕೇಳುತ್ತಾರೆ ಹೇಳು? ಎರಡು ನಾಲ್ಕಾ, ಎರಡು ಆರಾ ಅಂತ. ಕೈ ಹಿಡಿದು ನೋಡಿಯೇ ಬಳೆ ತೆಗೆಯುತ್ತಾರೆ. ಎಷ್ಟು ಚೆಂದದ ಬಳೆ ಆದರೂ ಅಳತೆ ಸರಿ ಇಲ್ಲದಿದ್ದರೆ ನಾವು ತಗೊಳ್ಳುವುದಿಲ್ಲ. ಮೌಸ್‌ಗೂ ಅದೇ ಲೆಕ್ಕ.

ಇವತ್ತು ರಾತ್ರಿಯೇ ಒಂದು ಕೆಲಸ ಮಾಡು. ಪುಟ್ಟಿಯ ಬಲಗೈ ನೋಟ್‌ಬುಕ್ ಮೇಲೆ ಚಪ್ಪಟೆಯಾಗಿ ಇಡಿಸು, ಬೆರಳು ಜೋಡಿಸಿರಲಿ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಗೆ ಸ್ಕೇಲಿಟ್ಟು ಅಳೆ. ಹದಿನೇಳು ಸೆಂಟಿಮೀಟರ್ ಒಳಗಿದ್ದರೆ ಚಿಕ್ಕ ಕೈ ಅಂತ ಇಟ್ಟುಕೋ. ನನ್ನದು ಹದಿನಾರೂವರೆ. ಯುಗಾದಿಯಲ್ಲಿ ಅವಳ ಅಂಗೈಗೆ ನನ್ನ ಅಂಗೈ ಇಟ್ಟು ನೋಡಿದ್ದೆ, ಅವಳ ಬೆರಳು ನನ್ನ ಬೆರಳ ತುದಿಗಿಂತ ಕೆಳಗೇ ನಿಂತಿತ್ತು.

ಈಗ ಭಾವ ಹಾಕಿದ ಫೋಟೋ. ಭಾವ, ಮೊದಲನೆಯದು ರೇಜರ್ ಡೆತ್‌ಆಡರ್ ಎಸೆನ್ಷಿಯಲ್, ಒಳ್ಳೆಯ ಮೌಸ್, ನಿಮ್ಮ ಕೈಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ಅದು 127 ಮಿಲಿಮೀಟರ್ ಉದ್ದ, ಬೆನ್ನು ಎತ್ತರ, ತೂಕ 96 ಗ್ರಾಂ. ಅಂಗೈ ಪೂರ್ತಿ ಊರಿ ಹಿಡಿಯುವ ದೊಡ್ಡ ಕೈಗೆ ಅದು. ಎರಡನೆಯದು ಹೆಬ್ಬೆರಳ ಪಕ್ಕಕ್ಕೇ ಹನ್ನೆರಡು ಬಟನ್ ಇರುವಂಥದ್ದು, ಅದು ಬೇಡವೇ ಬೇಡ. ಚಿಕ್ಕ ಹೆಬ್ಬೆರಳಿಗೆ ಎರಡು ಬಟನ್ ಎಟುಕಿದರೆ ಸಾಕು.

ನಾನು ಹೇಳುವುದು ಎರಡು. ಒಂದು ಲಾಜಿಟೆಕ್ ಜಿ102. ಸುಮಾರು 117 ಮಿಲಿಮೀಟರ್ ಉದ್ದ, 62 ಅಗಲ, 85 ಗ್ರಾಂ, ವೈರ್ ಇರುವುದು. ಇನ್ನೊಂದು ರೇಜರ್ ವೈಪರ್ ಮಿನಿ. ಉದ್ದ 118, ತೂಕ 61 ಗ್ರಾಂ ಮಾತ್ರ, ಅದಕ್ಕಿಂತ ಮುಖ್ಯವಾಗಿ ನಡು ಸಣ್ಣ. ಉದ್ದಕ್ಕಿಂತ ಈ ನಡುವಿನ ಅಗಲವೇ ನನಗೆ ಮುಖ್ಯ ಅನಿಸುತ್ತದೆ. ಯಾಕೆಂದರೆ ಮೌಸ್ ಎತ್ತುವುದು ಆ ಜಾಗ ಹಿಡಿದೇ. ಹೆಬ್ಬೆರಳು, ಉಂಗುರದ ಬೆರಳು ಆರಾಮಾಗಿ ಸುತ್ತಿಕೊಂಡರೆ ಹಿಂಡುವುದು ಬೇಕಾಗುವುದೇ ಇಲ್ಲ. ಕಿರುಬೆರಳು ಎಲ್ಲಿ ಹೋಗುತ್ತದೆ ಅಂತಲೂ ನೋಡು. ಅಗಲ ಜಾಸ್ತಿ ಆದರೆ ಅದು ಮೌಸ್ ಮೇಲೆ ನಿಲ್ಲದೆ ಪ್ಯಾಡ್ ಮೇಲೆ ಉಜ್ಜಿಕೊಂಡು ಹೋಗುತ್ತದೆ. ವೈರ್ ಇಲ್ಲದ್ದು ಬೇಕೇ ಬೇಕು ಅಂತ ಹಟ ಮಾಡಿದರೆ ಜಿ305 ಇದೆ, ಆಕಾರ ಹೆಚ್ಚುಕಮ್ಮಿ ಜಿ102ರದ್ದೇ. ಆದರೆ ಒಳಗೆ ಒಂದು ಎಎ ಸೆಲ್ ಹಾಕಬೇಕು, ಸೆಲ್ ಸೇರಿ 99 ಗ್ರಾಂ ಆಗುತ್ತದೆ. ನನಗೆ ಅವಳಿಗೆ ಅದು ಭಾರ ಅನಿಸುತ್ತದೆ.

ಅವಳು ಹಿಡಿಯುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಪುಟ್ಟಿ ಅಂಗೈ ಊರುವುದಿಲ್ಲ. ಬೆರಳು ಮಡಚಿ, ಬೆಕ್ಕು ಪಂಜ ಇಟ್ಟ ಹಾಗೆ ಹಿಡಿಯುತ್ತಾಳೆ, ಅಂಗೈಯ ಹಿಂಭಾಗ ಮಾತ್ರ ಮೌಸ್‌ಗೆ ತಾಗಿರುತ್ತದೆ. ಅದಕ್ಕೆ ಕ್ಲಾ ಗ್ರಿಪ್ ಅಂತಾರೆ. ಹಾಗೆ ಹಿಡಿಯುವವರಿಗೆ ತಗ್ಗಾಗಿರುವ, ಹಗುರವಾದ ಮೌಸ್ ಚೆನ್ನಾಗಿ ಒಗ್ಗುತ್ತದೆ. ಅವಳ ಹಿಡಿತ ತಪ್ಪು ಅಂತ ತಿದ್ದುವುದಕ್ಕೆ ಹೋಗಬೇಡಿ, ಅದು ಅವಳ ಕೈಗೆ ತಾನಾಗಿ ಬಂದಿದ್ದು.

ಡಿಪಿಐ ಬಗ್ಗೆ ಭಾವ ಕೇಳಿದ್ದರು. ಮೌಸ್ ಒಂದಿಂಚು ಸರಿದರೆ ಎಷ್ಟು ಎಣಿಕೆ ಕಳಿಸುತ್ತದೆ ಅನ್ನುವುದು ಅದು. ಬಾಕ್ಸ್ ಮೇಲೆ ಎಂಟು ಸಾವಿರ ಇರಲಿ, ಇಪ್ಪತ್ತು ಸಾವಿರ ಇರಲಿ, ಆಡುವವರು ಹೆಚ್ಚಾಗಿ 400ರಿಂದ 1600ರೊಳಗೆ ಇಟ್ಟುಕೊಳ್ಳುತ್ತಾರೆ. 800ಕ್ಕೆ ಇಡಿ, ಉಳಿದಿದ್ದನ್ನು ಆಟದೊಳಗಿನ ಸೆನ್ಸಿಟಿವಿಟಿಯಲ್ಲಿ ಅವಳೇ ಹೊಂದಿಸಿಕೊಳ್ಳಲಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಶನ್ ಅಂತ ಒಂದಿದೆ, ಅದನ್ನು ತೆಗೆದುಬಿಡಿ. ಅದಿದ್ದರೆ ಕೈ ಜೋರಾಗಿ ಸರಿಸಿದಾಗ ಒಂದು ದೂರ, ಮೆಲ್ಲಗೆ ಸರಿಸಿದಾಗ ಇನ್ನೊಂದು ದೂರ ಹೋಗುತ್ತದೆ. ಕೈಗೆ ಅಳತೆ ಕೂರುವುದೇ ಇಲ್ಲ.

ಇನ್ನೊಂದು ಮಾತು, ಇದು ನಿನಗೇ ಅಕ್ಕಾ. ಅವಳು ಡೈನಿಂಗ್ ಟೇಬಲ್ ಗಾಜಿನ ಮೇಲೆ ಆಡುತ್ತಾಳೆ. ಗಾಜಿನ ಮೇಲೆ ಈ ಮೌಸ್‌ಗಳು ಸರಿಯಾಗಿ ಓಡುವುದಿಲ್ಲ, ಒಂದು ದೊಡ್ಡ ಬಟ್ಟೆಯ ಪ್ಯಾಡ್ ತಗೋ. ಗಾಜಿನ ಅಂಚು ಮಣಿಕಟ್ಟಿಗೆ ಒತ್ತುತ್ತಿತ್ತು, ಕೆಂಪಗೆ ಗೆರೆ ಬಿದ್ದಿದ್ದನ್ನು ನಾನು ನೋಡಿದೆ. ಮುಂಗೈ ಪೂರ್ತಿ ಟೇಬಲ್ ಮೇಲೆ ಬರಬೇಕು, ಮೊಣಕೈ ಟೇಬಲ್ ಮಟ್ಟಕ್ಕೆ ಇರಬೇಕು. ಕುರ್ಚಿಗೆ ದಿಂಬು ಹಾಕಿ ಎತ್ತರಿಸು, ಕಾಲು ತೂಗಾಡುತ್ತದೆ ಅಂದರೆ ಕೆಳಗೆ ಮಣೆ ಇಡು. ನಮ್ಮ ಕಡೆಯ ಬೇಸಿಗೆಗೆ ಕೈ ಬೆವರುತ್ತದೆ, ಜಾರಿದರೆ ಮತ್ತೆ ಹಿಂಡುತ್ತಾಳೆ. ಮೌಸ್ ಪಕ್ಕಕ್ಕೆ ಅಂಟಿಸುವ ಗ್ರಿಪ್ ಟೇಪ್ ಸಿಗುತ್ತದೆ, ತಂದುಬಿಡು. ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲಿ ಮುಟ್ಟಬಾರದು ಅಂತಲೂ ಹೇಳು. ಮುಕ್ಕಾಲು ಗಂಟೆಗೊಮ್ಮೆ ಎದ್ದು ಕೈ ಕೊಡವಲಿ.

ಇಷ್ಟು ಮಾಡಿಯೂ ನೋವು ಹೋಗದಿದ್ದರೆ, ಅಥವಾ ರಾತ್ರಿ ಬೆರಳು ಜೋಮು ಹಿಡಿಯುತ್ತದೆ ಅಂದರೆ, ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಅದಕ್ಕೆ ಮೌಸ್ ಮದ್ದಲ್ಲ.

ಭಾನುವಾರ ಅವಳನ್ನು ಕರೆದುಕೊಂಡು ಬಾ. ಚಿತ್ರದುರ್ಗದಿಂದ ಬೆಳಗ್ಗಿನ ಬಸ್ಸಿಗೆ ಹೊರಟರೆ ಬೆಣ್ಣೆದೋಸೆ ಹೊತ್ತಿಗೆ ಇಲ್ಲಿರುತ್ತೀರಿ. ನನ್ನ ಹತ್ತಿರ ಜಿ102 ಇದೆ, ಪಕ್ಕದ ಮನೆಯ ಹುಡುಗನ ಹತ್ತಿರ ವೈಪರ್ ಮಿನಿ ಇದೆ, ಕೇಳಿಟ್ಟಿದ್ದೇನೆ. ಒಂದೊಂದರಲ್ಲೂ ಅರ್ಧ ಗಂಟೆ ಆಡಲಿ, ನಾವು ಏನೂ ಹೇಳುವುದು ಬೇಡ. ಯಾವುದು ಅಂತ ಅವಳ ಕೈಯೇ ಹೇಳುತ್ತದೆ. ಅಳತೆ ಮಾತ್ರ ಮಲಗುವ ಮುಂಚೆ ಗ್ರೂಪಿಗೆ ಹಾಕು, ಕಾಯುತ್ತಿರುತ್ತೇನೆ.