ಮಲಬಾರ್ ಹಿಲ್‌ನ ಕೊಲೆ ಕಾದಂಬರಿಯಾದರೆ: ವಕೀಲರಿಗೆ ಪ್ರಶ್ನೆ

ಪ್ರಶ್ನೆ (ಮುಲುಂಡ್‌ನಿಂದ):
ವಕೀಲರೇ, ನಮಸ್ಕಾರ. ಮುಂಬೈನ ಮಲಬಾರ್ ಹಿಲ್‌ನ ಸಿರಿವಂತ ಮನೆತನವೊಂದರಲ್ಲಿ ನಡೆದ ಕೊಲೆಯನ್ನಿಟ್ಟುಕೊಂಡು ಕಾದಂಬರಿ ಬರೆಯುತ್ತಿದ್ದೇನೆ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಮೊದಲ ಪುಟದಲ್ಲಿ ‘ಪಾತ್ರಗಳೆಲ್ಲ ಕಾಲ್ಪನಿಕ’ ಅಂತ ಹಾಕಿದರೆ ಸಾಕಲ್ಲವೇ?

ಉತ್ತರ (ವಕೀಲರು, ಫೋರ್ಟ್):
ಸಾಲದು ಅಕ್ಕಾ. ಆ ಒಂದು ಸಾಲಿಗೆ ಹೆದರಿ ಯಾರೂ ಕೇಸು ಹಾಕದೆ ಇರುವುದಿಲ್ಲ. ಬಲ್ಲವರು ಓದಿ ‘ಇದು ಇಂಥವರೇ’ ಅಂದುಬಿಡುತ್ತಾರೋ ಇಲ್ಲವೋ ಎನ್ನುವುದೇ ಮುಖ್ಯ. ವ್ಯಾಪಾರ ಯಾವುದು, ಎಷ್ಟನೇ ಮದುವೆ, ಮಕ್ಕಳೆಷ್ಟು, ಶವ ಸಿಕ್ಕಿದ್ದೆಲ್ಲಿ — ನಾಲ್ಕೂ ಅಸಲಿ ಘಟನೆಯದ್ದೇ ಆದರೆ ಹೆಸರು ಬದಲಿಸಿ ಏನು ಬಂತು? ಎರಡನ್ನಾದರೂ ಬುಡಸಮೇತ ಬದಲಿಸಿ. ವಜ್ರದ ವ್ಯಾಪಾರಿಯನ್ನು ಗಿರಣಿ ಮಾಲೀಕನನ್ನಾಗಿ ಮಾಡಿದರೆ ಅವನ ಸಾಲ, ಪಾಲುದಾರರು, ಕೊಲೆಯ ಕಾರಣವೂ ಅದರ ಜೊತೆ ಬದಲಾಗಬೇಕು.

ಖುಲಾಸೆಯಾದವನನ್ನು ಕತೆಯಲ್ಲಿ ಕೊಲೆಗಾರನಾಗಿಸುವುದು ಎಲ್ಲಕ್ಕಿಂತ ಅಪಾಯ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ; ಎರಡು ವರ್ಷದವರೆಗೆ ಸಜೆ. ಸತ್ತವರ ಬಗ್ಗೆ ಬರೆದದ್ದೂ, ಮನೆಯವರನ್ನು ನೋಯಿಸುವ ಉದ್ದೇಶವಿದ್ದರೆ, ಅದರೊಳಗೇ ಬರುತ್ತದೆ.

ಪ್ರಶ್ನೆ (ಮುಲುಂಡ್):
ಹಾಗಾದರೆ ಯಾವುದನ್ನು ನೆಚ್ಚಿಕೊಳ್ಳಲಿ? ಚಾರ್ಜ್‌ಶೀಟ್‌ನ ಪ್ರತಿ ಪರಿಚಯದವರ ಬಳಿ ಇದೆ.

ಉತ್ತರ (ವಕೀಲರು):
ತೀರ್ಪನ್ನು. ಕೋರ್ಟ್ ದಾಖಲೆಯಂಥ ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಒಪ್ಪಿಗೆಯಿಲ್ಲದೆಯೂ ಬರೆಯಬಹುದೆಂದು 1994ರ ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚಾರ್ಜ್‌ಶೀಟ್ ಸಾರ್ವಜನಿಕ ದಾಖಲೆಯಲ್ಲ ಅಂತ 2023ರಲ್ಲಿ ಹೇಳಿದ್ದೂ ಅದೇ ಕೋರ್ಟ್. ಎಷ್ಟಾದರೂ ಅದು ಪೊಲೀಸರ ಪಕ್ಷದ ಮಾತು. ಅತ್ಯಾಚಾರದ ಸಂತ್ರಸ್ತೆಯ ಗುರುತನ್ನಂತೂ ಎಲ್ಲಿ ಸಿಕ್ಕಿದರೂ ಬಳಸಬೇಡಿ.

ಸೇರ್ಪಡೆ (ಪುಸ್ತಕ ಸಂಪಾದಕರು, ಮಾಟುಂಗಾ):
ಅಕ್ಕಾ, ಬರೆಯುವ ಮೊದಲು ನಾನಾವತಿ ಪ್ರಕರಣದ 1961ರ ಸುಪ್ರೀಂ ಕೋರ್ಟ್ ತೀರ್ಪನ್ನು ಗಡಿಯಾರ ಹಿಡಿದು ಓದಿ. 1959ರ ಏಪ್ರಿಲ್ 27. ಅಹುಜಾ ಎಂಬವನ ಜೊತೆ ಸಂಬಂಧವಿರುವುದನ್ನು ಹೆಂಡತಿ ಒಪ್ಪಿಕೊಳ್ಳುತ್ತಾಳೆ. ನೌಕಾಪಡೆಯ ಕಮಾಂಡರ್ ನಾನಾವತಿ ಮಧ್ಯಾಹ್ನ ಒಂದೂವರೆಗೆ ಮನೆ ಬಿಡುತ್ತಾನೆ, ಅವಳನ್ನೂ ಮಕ್ಕಳನ್ನೂ ಸಿನಿಮಾಕ್ಕೆ ಇಳಿಸುತ್ತಾನೆ, ಹಡಗಿಗೆ ಹೋಗಿ ಸುಳ್ಳು ನೆಪ ಹೇಳಿ ರಿವಾಲ್ವರ್, ಆರು ಗುಂಡು ಪಡೆಯುತ್ತಾನೆ. ಅಹುಜಾನ ಕೊಲೆ 4.20ಕ್ಕೆ. ಕೋಪ ಆರಲು ಸುಮಾರು ಮೂರು ಗಂಟೆ ಸಿಕ್ಕಿತ್ತೆಂದು ಕೋರ್ಟ್ ‘ಹಠಾತ್ ಪ್ರಚೋದನೆ’ಯ ವಾದವನ್ನು ತಳ್ಳಿಹಾಕಿತು. ಕೈಕೈ ಮಿಲಾಯಿಸಿದಾಗ ಗುಂಡು ಹಾರಿತೆಂಬ ವಾದಕ್ಕೆ ಅಡ್ಡ ಬಂದದ್ದು ಒಂದು ಟವೆಲ್: ಸ್ನಾನ ಮುಗಿಸಿದ್ದ ಅಹುಜಾ ಸತ್ತು ಬಿದ್ದ ಮೇಲೂ ಅದು ಸೊಂಟದಲ್ಲೇ ಇತ್ತು. ನಿಮ್ಮ ಕತೆಗೂ ಇಂಥ ಒಂದು ವಸ್ತು ಬೇಕು, ಟವೆಲ್ ಮಾತ್ರ ಬೇಡ. ಅದನ್ನು ಕಂಡೊಡನೆ ಎಲ್ಲರಿಗೂ ನಾನಾವತಿ ನೆನಪಾಗುತ್ತಾನೆ.

ಹಸ್ತಪ್ರತಿಗಳಲ್ಲಿ ಎಡವುವುದು ಕಾಲದಲ್ಲಿ. ಆ ಪ್ರಕರಣದಲ್ಲಿ ಜ್ಯೂರಿ (ಜನಸಾಮಾನ್ಯರಿಂದ ಆರಿಸಿದ ತೀರ್ಪುಗಾರರು) 8–1ರಿಂದ ನಿರ್ದೋಷಿ ಅಂದಿತ್ತು, ಹೈಕೋರ್ಟ್ ಒಪ್ಪಲಿಲ್ಲ. 1974ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಯೇ ಇಲ್ಲ. ಆದರೂ 1985ರ ಕತೆಗೆ ಜ್ಯೂರಿ ಕೂರಿಸುವವರಿದ್ದಾರೆ, ಸಿನಿಮಾ ನೋಡಿ ಬರೆಯುವ ಚಾಳಿ! ಕೊಲೆ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಕೊಲೆಯ ಕಲಂ ಐಪಿಸಿ (ಹಳೆಯ ಭಾರತೀಯ ದಂಡ ಸಂಹಿತೆ) 302, ಆಮೇಲಿನದಾದರೆ ನ್ಯಾಯ ಸಂಹಿತೆಯ 103.

ವಕೀಲರು:
ಪ್ರಕಾಶಕರ ಒಪ್ಪಂದವನ್ನೂ ಓದಿ. ಕೇಸಿನ ಖರ್ಚೆಲ್ಲ ಲೇಖಕರದ್ದೇ ಎಂಬ ಕಲಂ ಇದ್ದರೆ ಸಹಿಗೆ ಮೊದಲೇ ತಿದ್ದಿಸಿ. ಅಚ್ಚಿಗೆ ಹೋಗುವ ಮುನ್ನ ಅಸಲಿ ಘಟನೆಗೆ ತಾಗುವ ಪುಟಗಳಿಗೆ ಗುರುತು ಹಾಕಿ, ಪಕ್ಕದಲ್ಲೇ ಆಧಾರ ಬರೆದು ವಕೀಲರಿಗೆ ತೋರಿಸಿ.