ಸಹಾಯ ಬೇಕು: ಬಸುರಿಯ ಕೈ, ಅರ್ಧಕ್ಕೆ ನಿಂತ ಕಥೆ

ಎಲ್ಲರಿಗೂ ನಮಸ್ಕಾರ. ನನಗೀಗ ಏಳನೇ ತಿಂಗಳು. ದೀಪಾವಳಿ ವಿಶೇಷಾಂಕಕ್ಕೆಂದು ಶುರು ಮಾಡಿದ ಕಥೆ ನಾಲ್ಕನೇ ಪುಟದಲ್ಲೇ ನಿಂತಿದೆ. ಮೊದಲ ಮೂರು ತಿಂಗಳು ವಾಂತಿಯಲ್ಲೇ ಹೋಯಿತು, ಬಿಡಿ. ಈಗ ಹತ್ತು ನಿಮಿಷ ಪೆನ್ನು ಹಿಡಿದರೆ ಹೆಬ್ಬೆರಳಿನಿಂದ ನಡುಬೆರಳಿನ ತನಕ ಜುಮ್ಮೆನ್ನುತ್ತದೆ. ಮಣಿಕಟ್ಟು ಊದಿ ನರ ಒತ್ತುತ್ತಿದೆ, ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ ಎಂದರು ಡಾಕ್ಟರ್. ರಾತ್ರಿ ಕಟ್ಟಿಕೊಳ್ಳಲು ಪಟ್ಟಿ ಕೊಟ್ಟಿದ್ದಾರೆ.

ಫೋನಿಗೆ ಹೇಳಿ ಬರೆಸಿ ನೋಡಿದೆ. ನನ್ನ ಕಥೆ ಧಾರವಾಡದ್ದು. ಮಗಳು ಅವ್ವನಿಗೆ ‘ಯಾಕ ಬೇ’ ಅಂದರೆ ಅದು ‘ಯಾಕೆ ಬೇಡ’ ಎಂದು ಬರೆಯುತ್ತದೆ! ತಿದ್ದುವುದೇ ಜಾಸ್ತಿ ಕೆಲಸ.

ಅಮ್ಮನದು ಒಂದೇ ಮಾತು, ‘ಸುಮ್ನೆ ಮಲಗು’. ಆದರೆ ಮಗು ಬಂದ ಮೇಲೆ ಸಮಯ ಸಿಗುತ್ತದೆಯೇ?

ಬಸುರಿಯಾಗಿದ್ದಾಗಲೂ ಬರೆದವರು ಇದ್ದೀರಲ್ವಾ? ಹೇಗೆ ಮಾಡಿದಿರಿ? ಆಡುಮಾತನ್ನು ಫೋನಿನಲ್ಲಿ ಬರೆಸುವ ದಾರಿ ಗೊತ್ತಿದ್ದರೂ ತಿಳಿಸಿ.